ಆರನೇ ತಿರುವಿನ ಬೆಂಚು

"ಏಳ್ರೀ ಮೇಲೆ! ಅದು ಕೂರೋ ಬೆಂಚು, ಅಡ್ಡ ಬೀಳೋದಕ್ಕಲ್ಲ."

ನಾನು ಮೊಣಕಾಲೂರಿ, ಕೆನ್ನೆಯನ್ನು ಹೆಚ್ಚುಕಡಿಮೆ ನೆಲಕ್ಕೆ ತಾಗಿಸಿಕೊಂಡು, ಬೆಂಚಿನ ಕಾಲಿಗೆ ಅಳತೆಯ ಟೇಪು ಹಿಡಿದಿದ್ದೆ. ತಲೆಯ ಹತ್ತಿರ ನಿಂತಿದ್ದವನು ಸಾಲು ಕಾಯುವ ಕಾವಲುಗಾರ. ಹೊಸ ಸಮವಸ್ತ್ರ, ಹೊಸ ಬೂಟು, ಹೊಸ ದರ್ಪ. ಕೆರೆಯಾಚೆಯ ಮನರಂಜನಾ ಪಾರ್ಕಿನಲ್ಲಿ ಎಲ್ಲವೂ ಹೊಸದೇ.

"ಒಂದು ನಿಮಿಷ ಇರಪ್ಪ. ಈ ವಯಸ್ಸಲ್ಲಿ ಬಗ್ಗೋದೇ ಕಷ್ಟ, ಬಗ್ಗಿದ ಮೇಲೆ ಏಳೋದು ಇನ್ನೂ ಕಷ್ಟ. ಎರಡೆರಡು ಸಲ ಬಗ್ಗಿಸಬೇಡ."

"ಶನಿವಾರ ಬಾಗಿಲು ತೆಗೀತೀವಿ. ಅವತ್ತು ಬಂದು ಎಲ್ಲರ ಹಾಗೆ ಸಾಲಲ್ಲಿ ನಿಂತ್ಕೊಳ್ಳಿ."

"ಅವತ್ತಿಗೆ ತಡವಾಗುತ್ತೆ," ಎಂದೆ.

ಟೇಪು ಹದಿನಾರೂವರೆ ಇಂಚು ಎಂದು ಹೇಳಿತು. ನಂಬಲಿಲ್ಲ. ನಾಲ್ಕೂ ಕಾಲು ಅಳೆದೆ. ನಾಲ್ಕೂ ಹದಿನಾರೂವರೆ.

ಎದುರು ದಡದ ಹಳೇ ಪಾರ್ಕಿನ ಮಾದರಿ ಮೇಷ್ಟ್ರು ಕಾಣೆಯಾಗಿ ಹದಿನಾಲ್ಕು ತಿಂಗಳು: ಎರಡು ಪಾರ್ಕುಗಳ ನಡುವಿನ ಕೆರೆಯಲ್ಲಿ ಖಾಲಿ ದೋಣಿ ಸಿಕ್ಕಿತ್ತು, ದೋಣಿಯಲ್ಲಿ ಕೋಟು ಸಿಕ್ಕಿತ್ತು, ಮನುಷ್ಯ ಸಿಕ್ಕಿರಲಿಲ್ಲ. ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವರ ಹೆಂಡತಿ 'ನನ್ನ ಗಂಡ ಬದುಕಿಲ್ಲವೆಂದು ನಂಬುತ್ತೇನೆ' ಎಂಬ ಕಾಗದಕ್ಕೆ ಸಹಿ ಹಾಕಬೇಕು. ಅಷ್ಟರೊಳಗೆ ಅವರು ಬದುಕಿದ್ದಾರೆ ಎನ್ನುವುದಕ್ಕೆ ಒಂದೇ ಒಂದು ಗುರುತು ತಂದುಕೊಡಿ ಎಂದು ಆಕೆ ನನ್ನನ್ನು ಕೇಳಿದ್ದರು.

ಆ ಗುರುತು ಈ ಬೆಂಚೇ ಆಗಬೇಕಿತ್ತು.

ಸಾಲಿನಲ್ಲಿ ಹಾಕುವ ಬೆಂಚಿನ ಎತ್ತರ ಹದಿನೆಂಟು ಇಂಚು. ಈ ಕಸುಬಿನವರಿಗೆಲ್ಲ ಅದು ಬಾಯಿಪಾಠ. ಹಳೇ ಪಾರ್ಕಿನ ಆಟಗಳನ್ನೆಲ್ಲ ರೂಪಿಸಿದ ಮಾದರಿ ಮೇಷ್ಟ್ರು ಮಾತ್ರ ಪ್ರತಿ ಆಟದ ಸಾಲಿನಲ್ಲೂ ಒಂದು ಬೆಂಚನ್ನು ಹದಿನೈದಕ್ಕೆ ಇಳಿಸುತ್ತಿದ್ದರು. ಒಂದೇ ಒಂದು, ಅದೂ ಆರನೇ ತಿರುವಿನಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ಒಳಬಂದ ಬಾಗಿಲೂ ಕಾಣುವುದಿಲ್ಲ, ಹೋಗಬೇಕಾದ ಆಟವೂ ಕಾಣುವುದಿಲ್ಲ. ಸಾಕಪ್ಪಾ, ವಾಪಸ್ ಹೋಗೋಣ ಅನ್ನಿಸುವ ಜಾಗ ಅದು. ಇಲ್ಲೂ ಆ ತಿರುವಿನ ಬೆಂಚು ತಗ್ಗಾಗಿದೆ ಎಂದು ಕಿವಿಗೆ ಬಿದ್ದಿತ್ತು.

ಹದಿನೈದು ಅವರ ಹೆಂಡತಿಯ ಅಳತೆ. ಕುಳ್ಳಗಿನ ಹೆಂಗಸು. ಹಳೇ ಪಾರ್ಕಿನ ಮರದ ಕುದುರೆಗಳಿಗೆ ಬಣ್ಣ ಹಚ್ಚುವವರು. ಅಲ್ಲಿನವರೆಲ್ಲ ಬಣ್ಣದಮ್ಮ ಎನ್ನುತ್ತಾರೆ.

"ಮದುವೆಗೆ ಮುಂಚೆ, ಅವರ ಮೊದಲ ಆಟ ಶುರುವಾದ ದಿನ, ಮೂರು ಗಂಟೆ ಅವರಿಗಾಗಿ ಕಾದಿದ್ದೆ," ಎಂದು ಒಮ್ಮೆ ಹೇಳಿದ್ದರು. "ಬೆಂಚಿನ ಮೇಲೆ ಕೂತ್ರೆ ಕಾಲು ನೆಲಕ್ಕೆ ಎಟುಕ್ತಿರಲಿಲ್ಲ, ನೇತಾಡ್ತಿತ್ತು. ಬಂದ ತಕ್ಷಣ ಹೇಳಿದೆ, ಕಾಯಿಸೋದಾದ್ರೆ ಕಾಯಿಸಿ, ಕಾಲು ಮಾತ್ರ ನೆಲಕ್ಕೆ ತಾಗೋ ಹಾಗೆ ಕಾಯಿಸಿ ಅಂತ. ಅವರು ನಗಲಿಲ್ಲ. ಜೇಬಿಂದ ಟೇಪು ತೆಗೆದ್ರು."

ಟೇಪು ಹದಿನೈದು ತೋರಿಸಿದ್ದರೆ ನಾನು ಓಡಿಹೋಗಿ ಆಕೆಗೆ ಹೇಳಬೇಕಿತ್ತು. ಹದಿನೆಂಟು ತೋರಿಸಿದ್ದರೆ ಸುಮ್ಮನೆ ನಡೆದುಹೋಗಬಹುದಿತ್ತು. ಹದಿನಾರೂವರೆ ಎತ್ತಲೂ ಸೇರದ ಸಂಖ್ಯೆ.

ಬೆಂಚಿನ ಕಾಲುಗಳನ್ನು ಬೆರಳಿನಿಂದ ಸವರಿದೆ. ಕೊಯ್ದ ಜಾಗವನ್ನು ಉಜ್ಜಿ ನುಣುಪು ಮಾಡಿದ್ದರು. ವಾರ್ನಿಷ್ ಇನ್ನೂ ವಾಸನೆ ಹೊಡೆಯುತ್ತಿತ್ತು, ಹೆಚ್ಚೆಂದರೆ ಒಂದು ವಾರದ್ದು. ಸಾಲಿನ ಉಳಿದ ಬೆಂಚುಗಳಲ್ಲಿ ಆ ವಾಸನೆ ಇರಲಿಲ್ಲ.

ಕಾವಲುಗಾರ ನನ್ನ ತೋಳು ಹಿಡಿದು ಎಬ್ಬಿಸಿದ. ಎಬ್ಬಿಸಿದ್ದಕ್ಕೆ ಧನ್ಯವಾದ ಹೇಳಿದೆ. ಪಾಪ, ಅವನು ಓಡಿಸಲು ಬಂದಿದ್ದ.

*

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಮುಂದೆ ನಾನು ಮಾಡುವ ತಪ್ಪು ಅರ್ಥವಾಗಬೇಕಲ್ಲ.

ಪತ್ತೇದಾರಿಗೆ ಇಳಿಯುವ ಮೊದಲು ನಾನು ಪತ್ರಿಕೆಯವನು. ಹನ್ನೊಂದು ವರ್ಷ, ವರ್ಷಕ್ಕೊಮ್ಮೆ, ಈ ಎರಡು ಪಾರ್ಕುಗಳನ್ನು ಅಕ್ಕಪಕ್ಕ ಇಟ್ಟು ತೂಗಿ ಬರೆಯುತ್ತಿದ್ದೆ. ಯಾರು ಎಷ್ಟು ಹೊಸ ಆಟ ಕಟ್ಟಿದರು, ಯಾರ ಹೋಟೆಲಿನ ಕೋಣೆ ತುಂಬಿತು, ಯಾರ ಸಾಲು ಉದ್ದ, ಯಾರ ಐಸ್‌ಕ್ರೀಮು ಬೇಗ ಕರಗುತ್ತದೆ, ಎಲ್ಲ. ಅಂಕಣದ ಹೆಸರು ತಕ್ಕಡಿ. ಕೊನೆಗೆ ಜನ ನನ್ನನ್ನೇ ತಕ್ಕಡಿ ಎಂದು ಕರೆದರು. ಹೆಸರು ಒಳ್ಳೆಯದೇ, ಮನುಷ್ಯ ಅಷ್ಟು ನೆಟ್ಟಗೆ ತೂಗುವವನಲ್ಲ.

ಹೆಂಡತಿ ಹೋದ ಮೇಲೆ ಮನೆಯಲ್ಲಿ ಉಳಿದದ್ದು ನಾನು, ಗೋಡೆಯ ಮೇಲೊಂದು ಗಡಿಯಾರ, ಪೆಟ್ಟಿಗೆಯೊಳಗೆ ಮಡಚಿಟ್ಟ ಒಂದು ಆಸ್ಪತ್ರೆ ಕಂಬಳಿ. ಆರು ವರ್ಷ ಯಾರನ್ನೂ ಕಾಯಲಿಲ್ಲ, ನನ್ನನ್ನೂ ಯಾರೂ ಕಾಯಲಿಲ್ಲ. ಹಾಗಿರುವಾಗ ಬಣ್ಣದಮ್ಮ ಈ ಕೆಲಸ ಒಪ್ಪಿಸಿದರು. ಮಂಗಳವಾರ ಹಳೇ ಪಾರ್ಕಿಗೆ ರಜ. ಪ್ರತಿ ಮಂಗಳವಾರ ಮಧ್ಯಾಹ್ನ ಅವರ ಕಾರ್ಯಾಗಾರಕ್ಕೆ ಹೋಗಿ ಆ ವಾರ ಏನೂ ಸಿಗಲಿಲ್ಲ ಎಂದು ವರದಿ ಒಪ್ಪಿಸುತ್ತಿದ್ದೆ.

ಮೊದಲ ತಿಂಗಳು ನಿಲ್ಲಿಸಿಯೇ ಮಾತಾಡಿಸಿದರು. ಆಮೇಲೆ, ಸುಮಾರು ಎರಡು ತಿಂಗಳ ಹಿಂದೆ, ಏನಾಯಿತೋ ಏನೋ, ನನಗೊಂದು ಕುರ್ಚಿ ಬಂತು. ಕುರ್ಚಿಗೆ ದಿಂಬು ಬಂತು. ಚಹಾ ಬಂತು. "ಬಂದ್ರಾ? ತಡ ಆಯ್ತಲ್ಲ ಇವತ್ತು," ಎಂಬ ಮಾತು ಬಂತು.

ಆ ಮಾತಿಗಾಗಿ ನಾನು ಬುಧವಾರದಿಂದಲೇ ಮಂಗಳವಾರವನ್ನು ಕಾಯತೊಡಗಿದೆ. ಯಾಕೆ ಹಾಗಾಯಿತು ಎಂದು ಕೇಳುವ ಧೈರ್ಯವಾಗಲಿಲ್ಲ. ಕೊಟ್ಟ ಹಸುವಿನ ಹಲ್ಲು ಎಣಿಸುವವರುಂಟೇ?

ಅವರ ಗಂಡನನ್ನು ಹುಡುಕಲು ನೇಮಕಗೊಂಡವನು ನಾನು. ಗಂಡ ಸಿಗದಿದ್ದರೇ ಒಳ್ಳೆಯದು ಎಂದು ಒಳಗೊಳಗೆ ಬಯಸುತ್ತಿದ್ದವನೂ ನಾನೇ.

*

ಕೆರೆಯಾಚೆಯ ಪಾರ್ಕಿನ ಮುಖ್ಯ ವಿನ್ಯಾಸಗಾರ್ತಿ ಒಂದು ಕಾಲದಲ್ಲಿ ಮೇಷ್ಟ್ರ ಶಿಷ್ಯೆ. ಅವರ ಮೇಜಿನ ಕೆಳಗೆ ಬಿದ್ದ ಪೆನ್ಸಿಲು ಹೆಕ್ಕುತ್ತ ಕಸುಬು ಕಲಿತವಳು. ಐದು ವರ್ಷದ ಹಿಂದೆ ಕೆರೆ ದಾಟಿ ಈ ಕಡೆಗೆ ಬಂದಳು. ಶನಿವಾರ ಬಾಗಿಲು ತೆರೆಯಲಿರುವ, ಆ ಬೆಂಚು ಇರುವ ಮೋಡದ ರೈಲೆಂಬ ಆಟ ಅವಳದೇ ಎಂದು ಎಲ್ಲ ಪತ್ರಿಕೆಯಲ್ಲೂ ಬಂದಿತ್ತು.

ಅವಳ ಕೋಣೆ ಹೋಟೆಲಿನ ನಾಲ್ಕನೇ ಮಹಡಿಯಲ್ಲಿ. ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಗಲದ ರೈಲು, ಹತ್ತಿಯ ಮೋಡ. ಗೋಡೆಯ ಮೇಲೆ ಎರಡು ಪಾರ್ಕುಗಳ ಹೋಲಿಕೆಯ ಪಟ್ಟಿ. ಇವರದು ಹನ್ನೊಂದು ವರ್ಷದಲ್ಲಿ ಕಟ್ಟಿದ ಆಟಕ್ಕೊಂದರಂತೆ ಒಂಬತ್ತು ಕಂಬ, ಒಂದಕ್ಕಿಂತ ಒಂದು ಎತ್ತರ. ಹಳೇ ಪಾರ್ಕಿನ ಜಾಗದಲ್ಲಿ ಬರೀ ಗೆರೆ.

"ತಕ್ಕಡಿಯವರು!" ಎಂದಳು. "ಪತ್ರಿಕೆ ಬಿಟ್ಟು ಪತ್ತೇದಾರಿ ಹಿಡಿದ್ರಂತೆ?"

"ನಾನು ಬಿಡಲಿಲ್ಲ. ಪತ್ರಿಕೆ ನನ್ನನ್ನ ಬಿಟ್ಟಿತು."

"ಹನ್ನೊಂದು ವರ್ಷ ನಮ್ಮನ್ನ ಬೈದ್ರಿ. 'ಆ ಪಾರ್ಕು ವರ್ಷಕ್ಕೊಂದು ಆಟ ಕಟ್ಟುತ್ತದೆ, ಎರಡು ವರ್ಷಕ್ಕೊಂದನ್ನು ಮರೆಯುತ್ತದೆ.' ನನಗೆ ಬಾಯಿಗೆ ಬರುತ್ತೆ ಅದು."

"ಹಳೇ ಪಾರ್ಕನ್ನೂ ಬಿಟ್ಟಿಲ್ಲವಲ್ಲಮ್ಮ. 'ಅಲ್ಲಿ ಕುದುರೆಗೆ ಬಣ್ಣ ಬಳಿಯುವುದನ್ನೇ ಹೂಡಿಕೆ ಎನ್ನುತ್ತಾರೆ' ಅಂತ ಬರೆದಿದ್ದೆ."

"ಅದನ್ನ ಓದಿ ಮೇಷ್ಟ್ರು ಎರಡು ದಿನ ಊಟ ಮಾಡಲಿಲ್ಲ. ಗೊತ್ತಿತ್ತಾ ನಿಮಗೆ?"

ಗೊತ್ತಿರಲಿಲ್ಲ. ಒಂದು ಸಾಲು ಬರೆದು ನಾನು ಹೊಟ್ಟೆ ತುಂಬ ಉಂಡು ಮಲಗಿದ್ದೆ.

ಅವಳು ಮುಂದುವರಿಸಿದಳು. "ಏಳು ಆಟದ ನಕ್ಷೆ ಕೊಟ್ರು ಹಳೇ ಪಾರ್ಕಿನ ಯಜಮಾನರಿಗೆ. ಏಳೂ ಕಪಾಟು ಸೇರಿದ್ವು. ಪ್ರತಿ ಸಲ ಒಂದೇ ಮಾತು, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ. ಈಗ ಮನುಷ್ಯ ಹೋದ ಮೇಲೆ ಎಂಟನೇದು ಬೇಕಂತೆ. ಅವರ ಹೆಸರಲ್ಲೇ ಕಟ್ತಾರಂತೆ. ಇದ್ದಾಗ ಕೊಡದ ಮರ್ಯಾದೆ!"

ಅದಕ್ಕೇ ಆ ಕಾಗದ. ಎಂಟನೆಯ ನಕ್ಷೆ ಮೇಷ್ಟ್ರ ಸ್ವಂತದ್ದು. ಅವರು ಬದುಕಿಲ್ಲ ಎಂದಾದರೆ ಮಾತ್ರ ಹೆಂಡತಿ ಅದನ್ನು ಯಜಮಾನರಿಗೆ ಒಪ್ಪಿಸಬಹುದು. ಹನ್ನೆರಡು ವರ್ಷದಲ್ಲಿ ಮೊದಲ ಹೊಸ ಆಟ. ಹಳೇ ಪಾರ್ಕಿನಲ್ಲಿ ಟಿಕೆಟು ಹರಿಯುವವನಿಂದ ಹಿಡಿದು ಎಲ್ಲರೂ ಬಣ್ಣದಮ್ಮನ ಮುಖ ನೋಡುತ್ತಿದ್ದರು.

"ಬೆಂಚಿನ ವಿಷಯಕ್ಕೆ ಬರ್ತೀನಿ," ಎಂದೆ.

"ಯಾವ ಬೆಂಚು? ಸಾಲಲ್ಲಿ ಇಪ್ಪತ್ತೆರಡಿವೆ."

"ಆರನೇ ತಿರುವಿಂದು."

ಅವಳು ಕೈಯಲ್ಲಿದ್ದ ಸ್ಕೇಲನ್ನು ಮೇಜಿನ ಮೇಲೆ ಮೆಲ್ಲಗೆ ತಟ್ಟುತ್ತಿದ್ದಳು. ತಟ್ಟುತ್ತಲೇ ಉತ್ತರ ಕೊಟ್ಟಳು.

"ಓ, ಅದಾ? ಅದು ನಾನೇ ಹಾಕಿಸಿದ್ದು. ಮೇಷ್ಟ್ರ ನೆನಪಿಗೆ. ಗುರುಗಳಿಗೆ ಅಷ್ಟೂ ಮಾಡಬಾರದಾ?"

"ಎತ್ತರ ಎಷ್ಟು?"

"ಹದಿನೈದು. ಮೇಷ್ಟ್ರ ಅಳತೆ ಇನ್ನೆಷ್ಟಿರುತ್ತೆ?"

ನಕ್ಷೆ ಬಿಚ್ಚಿ ತೋರಿಸಿದಳು. ಆರನೇ ತಿರುವು, ಪುಟ್ಟ ಚೌಕ, ಪಕ್ಕದಲ್ಲಿ ಅವಳದೇ ಅಕ್ಷರದಲ್ಲಿ ಹದಿನೈದು.

"ನಾನು ಈಗ ತಾನೇ ಅಳೆದು ಬಂದೆ," ಎಂದೆ. "ಹದಿನಾರೂವರೆ ಇದೆ."

ಸ್ಕೇಲು ನಿಂತಿತು.

ಅವಳು ನಕ್ಷೆಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಕಿಟಕಿಯ ಕಡೆ ತಿರುಗಿದಳು. ಅಲ್ಲಿಂದ ಕೆರೆ ಕಾಣುತ್ತದೆ, ಕೆರೆಯಾಚೆ ಹಳೇ ಪಾರ್ಕಿನ ಕುದುರೆ ಚಕ್ರದ ತಗಡಿನ ಮಾಡು ಕಾಣುತ್ತದೆ.

"ಬಡಗಿ ತಪ್ಪು ಮಾಡಿರ್ತಾನೆ," ಎಂದಳು.

"ನಾಲ್ಕು ಕಾಲಲ್ಲೂ ಒಂದೇ ತಪ್ಪಾ?"

"ಮೊದಲನೇ ಕಾಲು ತಪ್ಪಾಗಿ ಕೊಯ್ದ್ರೆ ಉಳಿದ ಮೂರನ್ನ ಅದಕ್ಕೆ ಸರಿಯಾಗಿ ತಾನೇ ಕೊಯ್ಯಬೇಕು? ಇಲ್ದಿದ್ರೆ ಬೆಂಚು ಕುಂಟುತ್ತೆ."

ಮಾತು ಸರಿಯಾಗಿಯೇ ಇತ್ತು.

"ನೇರವಾಗಿ ಕೇಳ್ತೀನಿ. ಮೇಷ್ಟ್ರು ಬದುಕಿದ್ದಾರಾ?"

"ದೋಣಿ ನೋಡಿದವರು ನೀವು. ನನ್ನನ್ಯಾಕೆ ಕೇಳ್ತೀರಿ?" ಧ್ವನಿ ಸ್ವಲ್ಪ ಏರಿತು. ಆಮೇಲೆ ತಾನಾಗಿಯೇ ಕೇಳಿದಳು, "ಆ ಅಳತೆ ಅಮ್ಮನಿಗೆ ಹೇಳ್ತೀರಾ?"

"ತಪ್ಪಿ ಕೊಯ್ದ ಬೆಂಚಿನ ಅಳತೆ ಅವರಿಗ್ಯಾಕೆ?"

"ಅದೇ ನಾನೂ ಹೇಳ್ತಿರೋದು. ಹೇಳೋದೇನೂ ಬೇಡ. ತಪ್ಪು ಅಳತೆ ಅದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವಳ ಕಣ್ಣು ಒದ್ದೆಯಾಗಿತ್ತು. ನಾನು ಕಂಡೆ. ವಾರದ ಹಿಂದಿನ ವಾರ್ನಿಷ್ಷೂ ನೆನಪಿತ್ತು. ಒಳ್ಳೆಯ ಪತ್ತೇದಾರನಾಗಿದ್ದರೆ ಅಲ್ಲೇ ಕೂತು ಇನ್ನೂ ಹತ್ತು ಪ್ರಶ್ನೆ ಕೇಳಬೇಕಿತ್ತು, ಬಡಗಿಯನ್ನು ಕರೆಸಬೇಕಿತ್ತು.

ಕೇಳಲಿಲ್ಲ. ಕರೆಸಲಿಲ್ಲ. ನನಗೆ ಬೇಕಾದ ಉತ್ತರ ಸಿಕ್ಕಿಬಿಟ್ಟಿತ್ತು. ಶಿಷ್ಯೆಯ ಭಕ್ತಿ, ಬಡಗಿಯ ತಪ್ಪು. ಮೇಷ್ಟ್ರ ಕೈ ಅಲ್ಲ. ಮೆಟ್ಟಿಲಿಳಿಯುವಾಗ ಮೊಣಕಾಲು ನೋಯುತ್ತಿರಲಿಲ್ಲ.

*

ಕೆರೆ ದಾಟಲು ದೋಣಿಯಲ್ಲಿ ಹತ್ತು ನಿಮಿಷ. ಮಧ್ಯಾಹ್ನ ಕಳೆದು ಬಿಸಿಲು ಹಳದಿಯಾಗಿತ್ತು. ಆ ಕಡೆ ಪಾರ್ಕಿನ ಕ್ರೇನುಗಳು, ಈ ಕಡೆ ಪಾರ್ಕಿನ ಹಳೆಯ ಮರಗಳು. ಹನ್ನೊಂದು ವರ್ಷ ಈ ನೀರಿನ ಮೇಲೆ ಹೋಗಿಬಂದು ತೂಗಿದ್ದೆ. ಯಾರು ಹೆಚ್ಚು ಕಟ್ಟಿದರು ಎಂದು ಬರೆದೆ. ಕಟ್ಟಲಾಗದೆ ಒಬ್ಬ ಮನುಷ್ಯ ಒಳಗೇ ಸವೆಯುತ್ತಿದ್ದಾನೆ ಎಂದು ಒಂದು ಸಾಲೂ ಬರೆಯಲಿಲ್ಲ.

ಕಾರ್ಯಾಗಾರದ ಬಾಗಿಲು ತೆರೆದೇ ಇತ್ತು. ನಲವತ್ತೆರಡು ಕುದುರೆಗಳಲ್ಲಿ ಹದಿಮೂರು ಒಳಗಿದ್ದವು, ಕಂಬ ಕಳಚಿ, ಹೊಟ್ಟೆ ಮೇಲೆ ಮಾಡಿ ಮಲಗಿದ್ದವು. ಬಣ್ಣದಮ್ಮ ಒಂದು ಬಿಳಿ ಕುದುರೆಗೆ ಕಣ್ಣು ಬರೆಯುತ್ತಿದ್ದರು. ನೆಲ ಮುಟ್ಟುವ ಬೂದು ಬಣ್ಣದ ಕೆಲಸದ ಅಂಗಿ, ಕಿವಿಯ ಹಿಂದೆ ಸಣ್ಣ ಕುಂಚ. ಕಣ್ಣನ್ನು ಯಾವಾಗಲೂ ಕೊನೆಯಲ್ಲಿ ಬರೆಯುತ್ತಾರೆ. ಮೊದಲೇ ಬರೆದರೆ ಅದು ನೋಡುತ್ತಿರುತ್ತದೆ, ಕೆಲಸ ಮಾಡಲು ಬಿಡುವುದಿಲ್ಲ ಎನ್ನುತ್ತಾರೆ.

"ಬಂದ್ರಾ? ಇವತ್ತು ಮಂಗಳವಾರ ಅಲ್ವಲ್ಲ ಅಂತ ಬರದೇ ಇರ್ತೀರೇನೋ ಅಂದ್ಕೊಂಡೆ."

ಕುರ್ಚಿ ಇತ್ತು. ದಿಂಬು ಇತ್ತು. ಮೇಜಿನ ಮೇಲೆ ಬಣ್ಣದ ಡಬ್ಬಿಯ ಕೆಳಗೆ ವಕೀಲರ ಕಾಗದವೂ ಇತ್ತು.

ಕೂತೆ. ಬರುವ ದಾರಿಯಲ್ಲಿ ಜೋಡಿಸಿಕೊಂಡ ಮಾತನ್ನು ಒಪ್ಪಿಸಿದೆ.

"ಬೆಂಚು ಇದೆ. ಆರನೇ ತಿರುವಲ್ಲೇ ಇದೆ. ಆದರೆ ಅದು ಅವರದಲ್ಲ. ಅವರ ನೆನಪಿಗೆ ಅಂತ ಶಿಷ್ಯೆ ಹಾಕಿಸಿದ್ದು. ನಕ್ಷೆ ನೋಡಿದೆ, ಅವಳದೇ ಅಕ್ಷರ. ಬಡಗಿ ಅದನ್ನೂ ಸರಿಯಾಗಿ ಮಾಡಿಲ್ಲ."

ಕುಂಚ ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಆಮೇಲೆ ಕುದುರೆಯ ರೆಪ್ಪೆಯನ್ನು ಪೂರ್ತಿ ಮಾಡಿತು.

"ಹಾಗಾ?" ಎಂದರು.

ಕುಂಚ ತೊಳೆದರು. ಕೈ ಒರೆಸಿಕೊಂಡರು. ಡಬ್ಬಿ ಸರಿಸಿ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು. ನಾನು ಏನಾದರೂ ಹೇಳಬೇಕಿತ್ತು. ದಿಂಬು ಸರಿಮಾಡಿಕೊಂಡು ಕೂತೆ.

"ಹದಿನಾಲ್ಕು ತಿಂಗಳು," ಎಂದರು ಕಾಗದಕ್ಕೆ ಹೇಳುವವರ ಹಾಗೆ. "ಸಂಜೆ ಆರು ಗಂಟೆಗೆ ಬಾಗಿಲ ಹತ್ರ ಬೂಟು ಕೊಡವೋ ಸದ್ದಾಗ್ತಿತ್ತು ಮೊದಲೆಲ್ಲ. ಈಗಲೂ ಆರು ಗಂಟೆಗೆ ಕೈ ನಿಲ್ಲುತ್ತೆ. ಕಾಯೋದು ಕಷ್ಟ ಅಲ್ಲ ತಕ್ಕಡಿಯವರೇ. ಎಲ್ಲಿವರೆಗೆ ಅಂತ ಗೊತ್ತಿಲ್ದೆ ಕಾಯ್ತೀವಲ್ಲ, ಅದು. ನಾಳೆಗೆ ಯಾಕೆ? ಈಗಲೇ ಹಾಕಿಬಿಡ್ತೀನಿ. ನಾಳೆ ಅಷ್ಟು ಜನದ ಮುಂದೆ ಕೈ ನಡುಗೋದು ಬೇಡ."

ಪೆನ್ನಿನ ಮುಚ್ಚಳ ತೆಗೆದರು. ನಿಬ್ಬು ಕಾಗದಕ್ಕೆ ತಾಗುವ ಮುಂಚೆ, ಸುಮ್ಮನೆ, ಮಾತಿಗೆ ಮಾತು ಎನ್ನುವ ಹಾಗೆ ಕೇಳಿದರು.

"ಬಡಗಿ ಎಷ್ಟಕ್ಕೆ ಕೊಯ್ದಿದ್ದ?"

ಯಾವ ಸಂಖ್ಯೆ ಹೇಳಿದ್ದರೂ ನಡೆಯುತ್ತಿತ್ತು. ಶಿಷ್ಯೆಯ ಮಾತು ಕಿವಿಯಲ್ಲಿತ್ತು, ಹೇಳೋದೇನೂ ಬೇಡ. ಆದರೆ ಹನ್ನೊಂದು ವರ್ಷ ಅಂಕಿ ಬರೆದವನಿಗೆ ಅಂಕಿಯ ವಿಷಯದಲ್ಲಿ ಸುಳ್ಳು ನಾಲಿಗೆಗೆ ಬರುವುದಿಲ್ಲ.

"ಹದಿನಾರೂವರೆ," ಎಂದೆ.

ಪೆನ್ನು ನಿಂತಿತು.

"ಇನ್ನೊಂದ್ಸಲ ಹೇಳಿ."

"ಹದಿನಾರೂವರೆ ಇಂಚು. ನಾಲ್ಕೂ ಕಾಲು."

ಬಣ್ಣದಮ್ಮ ಎದ್ದು ನಿಂತರು. ಕೆಲಸದ ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಪಾದದ ಮೇಲಕ್ಕೆ ಎತ್ತಿದರು. ಮೂರು ತಿಂಗಳಿಂದ ಬರುತ್ತಿದ್ದೆ, ಆ ಅಂಗಿಯ ಕೆಳಗೆ ಏನಿದೆ ಎಂದು ನಾನು ನೋಡಿರಲಿಲ್ಲ. ಕಪ್ಪು ಬೂಟು. ಅಟ್ಟೆ ದಪ್ಪಕ್ಕೆ, ಇಟ್ಟಿಗೆಯ ಹಾಗಿತ್ತು.

"ಅಳೀರಿ," ಎಂದರು.

ಮತ್ತೆ ಬಗ್ಗಿದೆ. ಒಂದೂವರೆ ಇಂಚು. ಎರಡೂ ಕಾಲಿಗೆ.

"ಆರು ತಿಂಗಳಿಂದ ಹಿಮ್ಮಡಿ ನೋವು. ದಿನವಿಡೀ ಸಿಮೆಂಟು ನೆಲದ ಮೇಲೆ ನಿಂತು ನಿಂತು. ದಪ್ಪ ಅಟ್ಟೆ ಹಾಕಿಸ್ಕೊಳ್ಳಿ ಅಂದ್ರು ಡಾಕ್ಟರು. ಹಾಕಿಸ್ಕೊಂಡೆ." ಬೆರಳು ಮಡಚಿ ಲೆಕ್ಕ ಹಾಕಿದರು. "ಹದಿನೈದು. ಅದಕ್ಕೆ ಒಂದೂವರೆ. ಈಗ ನನ್ನ ಕಾಲು ನೆಲಕ್ಕೆ ಸರಿಯಾಗಿ ಕೂರಬೇಕಾದ್ರೆ ಬೆಂಚು ಎಷ್ಟಿರಬೇಕು?"

ನಾನು ಟೇಪನ್ನು ಹದಿನಾರೂವರೆಯವರೆಗೆ ಎಳೆದು ಹಿಡಿದೆ.

ಬಡಗಿ ತಪ್ಪಿರಲಿಲ್ಲ. ಶಿಷ್ಯೆಗೆ ಗೊತ್ತಿದ್ದದ್ದು ಹಳೆಯ ಅಳತೆ. ಕಾಲು ಕೊಯ್ಯುವ ಮುಂಚೆ ಅದನ್ನು ಯಾರೋ ತಿದ್ದಿಸಿದ್ದರು, ಒಂದು ವಾರದ ಹಿಂದೆ. ತಿದ್ದಿಸಿದ್ದು ಯಾರೆಂದು ನನ್ನೆದುರೇ ಅವಳಿಗೆ ಹೊಳೆದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ನಾನೇ ಕಣ್ಣು ಮುಚ್ಚಿಕೊಂಡಿದ್ದೆ.

"ಈ ಬೂಟು ಯಾರ್ಯಾರಿಗೆ ಗೊತ್ತು?" ಎಂದು ಕೇಳಿದೆ.

"ಈ ಬಾಗಿಲು ದಾಟಿಲ್ಲ ಇದು. ಇಲ್ಲೇ ಹಾಕ್ಕೋತೀನಿ, ಇಲ್ಲೇ ಬಿಡ್ತೀನಿ. ಹೊಲಿದ ಮುದುಕನಿಗೆ ಗೊತ್ತು. ಅವನಿಗೆ ನನ್ನ ಪಾದ ಗೊತ್ತು, ಬೆಂಚಿನ ಕತೆ ಗೊತ್ತಿಲ್ಲ." ಮಂಚದ ಕಡೆ ನೋಡಿದರು. ಮೂಲೆಯಲ್ಲಿ ಒಂದು ಕಿರಿದಾದ ಮಂಚ. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಅಡ್ಡಾಗುತ್ತಾರೆ. "ಇನ್ನೊಬ್ಬರಿಗೆ ಗೊತ್ತಿರಬಹುದು."

"ಯಾರಿಗೆ?"

ಅವರ ಕೆನ್ನೆ ಸ್ವಲ್ಪ ಕೆಂಪಾಯಿತು.

"ಎರಡು ತಿಂಗಳ ಹಿಂದೆ, ಒಂದು ಮಂಗಳವಾರ. ನೀವು ಬರೋ ದಿನ ಅಂತ ಬಾಗಿಲು ಚಿಲಕ ಹಾಕಿರಲಿಲ್ಲ. ಚಳಿಯಿತ್ತು. ಬೂಟು ಅಲ್ಲೊಂದು ಇಲ್ಲೊಂದು ಬಿಸಾಡಿ ಮಲಗಿದ್ದೆ. ಎದ್ದಾಗ ಮೈಮೇಲೆ ಕಂಬಳಿ ಇತ್ತು. ಬೂಟು ಎರಡೂ ಗೋಡೆಗೆ ಆನಿಸಿ, ಜೋಡಿಸಿಟ್ಟಿತ್ತು. ನೀವು ಬಂದು, ಎಬ್ಬಿಸೋದು ಬೇಡ ಅಂತ ಹೊದಿಸಿ ಹೋಗಿದ್ದೀರಿ ಅಂದ್ಕೊಂಡೆ. ಕೇಳೋಕೆ ನಾಚಿಕೆ ಆಯ್ತು. ಅವತ್ತಿಂದ ನಿಮ್ಮನ್ನ ಹೊರಗಿನವರು ಅಂತ ನೋಡಿಲ್ಲ ನಾನು."

ಕುರ್ಚಿ. ದಿಂಬು. ಚಹಾ.

"ಹೇಳಿ," ಎಂದರು. "ಹೊದಿಸಿದ್ದು ನೀವೇ ಆದ್ರೆ, ಬೂಟಿನ ವಿಷಯ ನೀವು ಎಲ್ಲೋ ಬಾಯಿ ಬಿಟ್ಟಿರ್ತೀರಿ, ಅದು ಹೇಗೋ ಅಲ್ಲಿಗೆ ಮುಟ್ಟಿರುತ್ತೆ. ಸಹಿ ಹಾಕ್ತೀನಿ. ನೀವಲ್ಲ ಅಂದ್ರೆ..."

ಪೆನ್ನು ಇನ್ನೂ ಅವರ ಕೈಯಲ್ಲೇ ಇತ್ತು.

'ಹೌದು' ಎನ್ನುವುದಕ್ಕೂ 'ಅಲ್ಲ' ಎನ್ನುವುದಕ್ಕೂ ಎರಡೆರಡೇ ಅಕ್ಷರ. ಹೌದು ಎಂದರೆ ಕುರ್ಚಿ ನನ್ನದೇ ಆಗಿ ಉಳಿಯುತ್ತಿತ್ತು. ಬಹುಶಃ ಕುರ್ಚಿಗಿಂತ ಹೆಚ್ಚೂ ಸಿಗುತ್ತಿತ್ತು. ಎಂಟನೆಯ ಆಟ ಏಳುತ್ತಿತ್ತು, ಹಳೇ ಪಾರ್ಕಿನವರು ನನ್ನನ್ನು ಹೊತ್ತು ಮೆರೆಸುತ್ತಿದ್ದರು. ನನಗೆ ಅದೆಲ್ಲ ಬೇಕಿತ್ತು. ಎಷ್ಟು ಬೇಕಿತ್ತು ಎಂದು ಆ ಗಳಿಗೆಯಲ್ಲಿ ಗೊತ್ತಾಯಿತು.

ಆ ಮಂಗಳವಾರ ನನಗೆ ಚೆನ್ನಾಗಿ ನೆನಪಿತ್ತು. ಅದು ನನ್ನ ಹೆಂಡತಿ ಹೋದ ದಿನ. ಪ್ರತಿ ವರ್ಷ ಆ ದಿನ ನಾನು ಹೊರಗೆ ಹೋಗುವುದಿಲ್ಲ. ಪೆಟ್ಟಿಗೆ ತೆರೆದು ಅದರ ಮುಂದೆ ಕೂರುತ್ತೇನೆ.

"ನಾನಲ್ಲ," ಎಂದೆ. "ಆ ದಿನ ನಾನು ಬಂದೇ ಇರಲಿಲ್ಲ."

ಬಣ್ಣದಮ್ಮ ಕೂತುಬಿಟ್ಟರು, ನನ್ನ ಕುರ್ಚಿಯ ಮೇಲೆ, ನನ್ನ ದಿಂಬಿನ ಮೇಲೆ. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ಮುಖ ಎತ್ತಿದಾಗ ಹತ್ತು ವರ್ಷ ಕಡಿಮೆಯಾಗಿತ್ತು.

"ಇದ್ದಾರೆ," ಎಂದರು. "ಇದ್ದಾರೆ! ಇಲ್ಲಿಗೇ ಬಂದಿದ್ರು. ನನ್ನ ಬೂಟು ಎತ್ತಿ ಅಳೆದಿದ್ದಾರೆ, ಆ ಕಳ್ಳ! ನಾನು ಗೊರಕೆ ಹೊಡೀತಿದ್ನೋ ಏನೋ."

ವಕೀಲರ ಕಾಗದವನ್ನು ನಾಲ್ಕಾಗಿ ಮಡಚಿ ಅದರಲ್ಲಿ ಕುಂಚ ಒರೆಸಿದರು. ಅಚ್ಚಾದ ಅಕ್ಷರಗಳ ಮೇಲೆ ಬಿಳಿ ಬಣ್ಣ ಹರಡಿತು.

"ನಾಳೆ ಬರಲಿ ಅವರೆಲ್ಲ, ಉತ್ತರ ಕೊಡ್ತೀನಿ. ಶನಿವಾರ ಆ ಸಾಲಲ್ಲಿ ನಿಲ್ತೀನಿ. ಇದೇ ಬೂಟು ಹಾಕ್ಕೊಂಡು ಆರನೇ ತಿರುವಲ್ಲಿ ಕೂರ್ತೀನಿ. ಬಾ ಅಂತಲೇ ತಾನೇ ಹಾಕಿಸಿರೋದು? ಎಷ್ಟು ಹೊತ್ತು ಬೇಕಾದ್ರೂ ಕಾಯ್ತೀನಿ. ಕಾಲು ನೆಲಕ್ಕೆ ತಾಗುತ್ತಲ್ಲ!"

"ಯಾಕೆ ಎಬ್ಬಿಸಲಿಲ್ಲ ಅವರು?" ಎಂದು ಕೇಳಿದೆ. "ಅಷ್ಟು ಹತ್ತಿರ ಬಂದು?"

"ಅದನ್ನ ಅವರನ್ನೇ ಕೇಳ್ತೀನಿ ಶನಿವಾರ. ಚೆನ್ನಾಗಿ ಬೈತೀನಿ." ಆಗಲೇ ಎದ್ದು ಕಪಾಟಿನತ್ತ ಹೋಗಿದ್ದರು. "ತಾಳಿ, ಕಂಬಳಿ ತೋರಿಸ್ತೀನಿ. ಒಗೆದು ಮಡಚಿಟ್ಟಿದ್ದೆ, ನಿಮಗೆ ವಾಪಸ್ ಕೊಡೋಣ ಅಂತ. ಪ್ರತಿ ಮಂಗಳವಾರ ಮರೀತಿದ್ದೆ. ಮರೀತಿರಲಿಲ್ಲ, ಕೊಡೋಕೆ ಮನಸ್ಸಾಗ್ತಿರಲಿಲ್ಲ."

ಬೂದು ಕಂಬಳಿ. ಎರಡು ಅಂಚಿನಲ್ಲಿ ನೀಲಿ ಪಟ್ಟಿ. ಎದೆಗೆ ಅವುಚಿಕೊಂಡು ತಂದರು, ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಒಂದು ಮೂಲೆ ಬಿಡಿಸಿ ನನ್ನ ಮುಂದೆ ಹಿಡಿದರು.

"ಇಲ್ಲಿ ಕೆಂಪು ದಾರದಲ್ಲಿ ಒಂದು ನಂಬರು ಹೊಲಿದಿದೆ ನೋಡಿ. ನಿಮ್ಮ ಲಾಂಡ್ರಿಯವರ ಗುರುತು ಅಂದ್ಕೊಂಡಿದ್ದೆ. ನಿಮ್ಮದಲ್ಲ ಅಂದ್ಮೇಲೆ ಇದೆಲ್ಲಿಂದು? ಇದು ಸಿಕ್ಕಿದ್ರೆ ಅವರು ಎಲ್ಲಿದ್ದಾರೆ ಅಂತ ಗೊತ್ತಾಗುತ್ತೆ ಅಲ್ವಾ? ಶನಿವಾರದವರೆಗೂ ಯಾಕೆ ಕಾಯಬೇಕು? ಪತ್ತೆ ಮಾಡಿ, ನೀವೇ ತಾನೇ ಪತ್ತೇದಾರರು!"

ಪತ್ತೆ ಮಾಡಬೇಕಾಗಿರಲಿಲ್ಲ. ಆ ನೀಲಿ ಪಟ್ಟಿ, ಆ ಕೆಂಪು ದಾರ, ಆ ಗಂಟು ಹಾಕುವ ರೀತಿ, ಎಲ್ಲ ನನಗೆ ಗೊತ್ತಿತ್ತು. ಗುಡ್ಡದ ಮೇಲಿನ ಆಸ್ಪತ್ರೆಯ ಕೊನೆಯ ವಾರ್ಡಿನ ಕಂಬಳಿ ಅದು. ಸಂಖ್ಯೆ ಹಾಸಿಗೆಯದು. ಆ ವಾರ್ಡಿನಿಂದ ಒಂದು ದಿಂಬಿನ ಚೀಲವನ್ನೂ ಹೊರಗೆ ಬಿಡುವುದಿಲ್ಲ. ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಕಳುಹಿಸುವವರಿಗೆ ಮಾತ್ರ, ದಾರಿಯಲ್ಲಿ ಚಳಿಯಾಗದಿರಲಿ ಎಂದು ನರ್ಸು ಹಾಸಿಗೆಯ ಕಂಬಳಿಯನ್ನೇ ಹೊದಿಸುತ್ತಾಳೆ. ಅದನ್ನು ವಾಪಸ್ ಕೇಳುವುದಿಲ್ಲ.

ನನ್ನ ಪೆಟ್ಟಿಗೆಯಲ್ಲಿರುವ ಕಂಬಳಿಯ ಮೇಲೆ ಹನ್ನೊಂದು ಎಂದಿದೆ. ಅದನ್ನು ಹೊದ್ದು ಮನೆಗೆ ಬಂದ ಮೇಲೆ ನನ್ನವಳು ಎಪ್ಪತ್ತು ದಿನ ಇದ್ದಳು.

ಬಣ್ಣದಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ನಗು ಇನ್ನೂ ಇಳಿದಿರಲಿಲ್ಲ.

"ಗೊತ್ತಾಯ್ತಾ?" ಎಂದರು. "ಹೇಳಿ, ಎಲ್ಲಿದು?"

ಕೆಂಪು ದಾರದಲ್ಲಿ ಹದಿನಾಲ್ಕು ಎಂದಿತ್ತು. ಆ ಮಂಗಳವಾರದಿಂದ ಇಂದಿಗೆ ಎಷ್ಟು ದಿನವಾಯಿತೆಂದು ನಾನು ಎಣಿಸತೊಡಗಿದೆ. ಅರವತ್ತೆಂಟು.